ಪರದೆಯ ಮೇಲೆ ಓಡದ ವಿಡಿಯೊ

(ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ನನ್ನದೇ ಸೋಲೊಂದರಿಂದ ಆರಂಭಿಸುತ್ತೇನೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿಯೇ ಇದೆಯಷ್ಟೆ. ಅಲ್ಲಿನ ದೇವಾಲಯಗಳನ್ನು ಕುರಿತು ಗಡಿಯ ಶಾಲೆಯೊಂದರಲ್ಲಿ ಮಾದರಿ ಪಾಠ ಮಾಡಲು ನಿಂತಿದ್ದೆ. ಹಿಂದಿನ ರಾತ್ರಿ ಮನೆಯಲ್ಲಿ ಸರಾಗವಾಗಿ ಓಡಿದ್ದ ವಿಡಿಯೊ ತರಗತಿಯಲ್ಲಿ ಕಪ್ಪು ಚೌಕವಾಗಿ ನಿಂತುಬಿಟ್ಟಿತು. ಹತ್ತು ನಿಮಿಷ ತಿಣುಕಿ, ಕೊನೆಗೆ ಶಾಲೆಯ ಗಣಕದಲ್ಲಿ ಮೊದಲೇ ಉಳಿಸಿಟ್ಟಿದ್ದ ತೆಲುಗು ವಿಡಿಯೊವೊಂದನ್ನು ಹಾಕಿ ಅವಧಿ ಮುಗಿಸಿದೆ. ಮಕ್ಕಳಿಗೆ ತೆಲುಗು ಚೆನ್ನಾಗಿಯೇ ಅರ್ಥವಾಗುತ್ತದೆ. ನನ್ನ ವ್ಯಥೆ ಅದಲ್ಲ. ಬಾಗಿಲವಾಡ, ಕುಸುರಿ, ಕೆತ್ತನೆ ಎಂಬ ಮಾತುಗಳು ಅವರ ಕಿವಿಗೆ ಬೀಳಬೇಕಾಗಿದ್ದ ಅವಧಿ ಅದು.

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ವಿಧಿ ಕಾಗದದಲ್ಲಿದೆ. ತರಗತಿಯಲ್ಲಿ ಕನ್ನಡದ ವಿಡಿಯೊ ಓಡುವಂತೆ ನೋಡಿಕೊಳ್ಳಬೇಕಾದವರು ನಾವೇ.

ಪವರ್‌ಪಾಯಿಂಟಿನಲ್ಲಿ ‘ಇನ್ಸರ್ಟ್’, ‘ವಿಡಿಯೊ’, ‘ಆನ್‌ಲೈನ್ ವಿಡಿಯೊ’ ಎಂದು ಒತ್ತಿ ಯೂಟ್ಯೂಬಿನ ಕೊಂಡಿಯನ್ನು ಅಂಟಿಸಿದಾಗ ವಿಡಿಯೊ ಸ್ಲೈಡಿನೊಳಗೆ ಬಂದಿತೆಂದು ಭಾವಿಸುತ್ತೇವೆ. ಬರುವುದು ಅದರ ವಿಳಾಸ ಮಾತ್ರ. ಪ್ರದರ್ಶನದ ಪ್ರತಿಬಾರಿಯೂ ಗಣಕವು ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತರಬೇಕು. ಜಾಲವಿಲ್ಲದ ಶಾಲೆಯಲ್ಲಿ ಅದು ಬರುವುದಾದರೂ ಎಲ್ಲಿಂದ? ನನ್ನ ಕಪ್ಪು ಚೌಕಕ್ಕೆ ಕಾರಣ ಇಷ್ಟೇ ಆಗಿತ್ತು. ಎಂ.ಎ., ಎಂ.ಎಡ್. ಪದವಿಗಳೆರಡೂ ಆ ಹೊತ್ತಿನಲ್ಲಿ ನೆರವಾಗಲಿಲ್ಲ.

ಜಾಲವಿದ್ದೂ ವಿಡಿಯೊ ಓಡದಿದ್ದರೆ ಮೊದಲು ಅದೇ ಕೊಂಡಿಯನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿಯೂ ಓಡದಿದ್ದರೆ ತೊಂದರೆ ಜಾಲದ್ದು, ಇಲ್ಲವೇ ವಿಡಿಯೊವನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ಓಡಿ ಸ್ಲೈಡಿನಲ್ಲಿ ಮಾತ್ರ ಓಡದಿದ್ದರೆ, ಬೇರೆಡೆ ತೋರಿಸಲು ಅದರ ಒಡೆಯರು ಅನುಮತಿ ಕೊಟ್ಟಿಲ್ಲದಿರಬಹುದು, ಅಥವಾ ತಂತ್ರಾಂಶದ ಆವೃತ್ತಿ ತೀರಾ ಹಳೆಯದಿರಬಹುದು. ಹಿಂದೆ ಫ್ಲ್ಯಾಶ್ ನೆರವಿನಿಂದ ಕೂಡಿಸಿದ ವಿಡಿಯೊಗಳಿಗಂತೂ ಆಸೆಯಿಲ್ಲ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ವಾಟ್ಸ್‌ಆ್ಯಪ್ ಅಥವಾ ಇ-ಮೇಲ್ ಮೂಲಕ ಬಂದ ಕಡತವು ಕೆಲವೊಮ್ಮೆ ‘ಪ್ರೊಟೆಕ್ಟೆಡ್ ವ್ಯೂ’ನಲ್ಲಿ ತೆರೆದುಕೊಳ್ಳುತ್ತದೆ. ಕಳಿಸಿದವರು ನಿಮಗೆ ಗೊತ್ತಿರುವವರಾದರೆ ಮೇಲಿನ ಹಳದಿ ಪಟ್ಟಿಯಲ್ಲಿರುವ ‘ಎನೇಬಲ್ ಎಡಿಟಿಂಗ್’ ಒತ್ತಿ.

ಆದರೂ ನನ್ನ ಖಚಿತ ಅಭಿಪ್ರಾಯ: ನಮ್ಮ ಶಾಲೆಗಳಲ್ಲಿ ಆನ್‌ಲೈನ್ ವಿಡಿಯೊವನ್ನು ನಂಬಿ ಪಾಠ ಕಟ್ಟಬಾರದು. ‘ದಿಸ್ ಡಿವೈಸ್’ ಮೂಲಕ ಸೇರಿಸಿದ ವಿಡಿಯೊ ಕಡತವು 2010ರ ಆವೃತ್ತಿಯಿಂದೀಚೆಗೆ ಪ್ರಸ್ತುತಿಯ ಒಳಗೇ ಉಳಿಯುತ್ತದೆ. ಸೇರಿಸುವಾಗ ‘ಲಿಂಕ್ ಟು ಫೈಲ್’ ಆರಿಸಿದರೆ ಮಾತ್ರ ಪೆನ್‌ಡ್ರೈವಿನಲ್ಲಿ ವಿಡಿಯೊವನ್ನೂ ಒಯ್ಯಬೇಕಾಗುತ್ತದೆ. ಅನೇಕರು ಎಡವುವುದು ಇಲ್ಲಿಯೇ. ದೀಕ್ಷಾ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಕೊಂಡ ಪಾಠಗಳನ್ನು ಅದೇ ಆ್ಯಪಿನಲ್ಲಿ ಜಾಲವಿಲ್ಲದೆಯೂ ತೋರಿಸಬಹುದು. ಇತರರ ವಿಡಿಯೊವನ್ನು ಅನುಮತಿಯಿಲ್ಲದೆ ಇಳಿಸಿಕೊಳ್ಳುವುದು ಬೇಡ.

ಎಲ್ಲಕ್ಕಿಂತ ಮೇಲು ನಾವೇ ಚಿತ್ರಿಸುವುದು. ನಾನು ಮತ್ತೆ ಹೇಮಾವತಿಗೆ ಹೋಗಿ, ಫೋನನ್ನು ಅಡ್ಡಲಾಗಿ ಹಿಡಿದು, ನಾಲ್ಕು ನಿಮಿಷ ಚಿತ್ರಿಸಿ, ಕನ್ನಡದಲ್ಲಿ ವಿವರಣೆ ಹೇಳಿದೆ. ಅದೂ ಶಾಲೆಯ ಹಳೆಯ ಗಣಕದಲ್ಲಿ ಮೊದಲಿಗೆ ಓಡಲಿಲ್ಲ! ಧ್ವನಿ ಬಂದಿತು, ಚಿತ್ರ ಬರಲಿಲ್ಲ. ಹೊಸ ಫೋನುಗಳು ಜಾಗ ಉಳಿಸಲು ಎಚ್.265 ಎಂಬ ವಿಧಾನದಲ್ಲಿ ಚಿತ್ರಿಸುವುದುಂಟು; ಹಳೆಯ ಗಣಕಕ್ಕೆ ಅದನ್ನು ಬಿಡಿಸಿ ತೋರಿಸಲು ಬಾರದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್.264ಕ್ಕೆ ಬದಲಿಸಿ ಮತ್ತೊಮ್ಮೆ ಚಿತ್ರಿಸಿದ ಎಂಪಿ4 ಕಡತ ತಕರಾರಿಲ್ಲದೆ ಓಡಿತು. ಗಾತ್ರ ಹೆಚ್ಚಾದರೆ ‘ಫೈಲ್’, ‘ಇನ್ಫೊ’ ಅಡಿಯಲ್ಲಿ ‘ಕಂಪ್ರೆಸ್ ಮೀಡಿಯಾ’ ಇದೆ. ಫೋನಿನಿಂದ ಗಣಕಕ್ಕೆ ಕೇಬಲ್ ಮೂಲಕವೇ ಸಾಗಿಸಿ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಕೆತ್ತನೆಗಳೆಲ್ಲ ಮಸುಕಾಗುತ್ತವೆ.

ಪಾಠದ ದಿನ ಶಾಲೆಯ ಗಣಕದಲ್ಲಿಯೇ, ಜಾಲವನ್ನು ಬೇಕೆಂದೇ ಕಡಿದು, ಪ್ರಸ್ತುತಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ. ಸ್ಪೀಕರಿನ ತಂತಿಯನ್ನೂ ನೋಡಿಕೊಳ್ಳಿ. ಮಧ್ಯಾಹ್ನದ ಗೋಷ್ಠಿಯಲ್ಲಿ ರಾಯದುರ್ಗದ ಬೆಟ್ಟದ ಕೋಟೆಯನ್ನು ಕುರಿತು ಎರಡು ನಿಮಿಷದ ವಿಡಿಯೊ ಇಟ್ಟು ಒಂದೊಂದು ಸ್ಲೈಡು ಸಿದ್ಧಪಡಿಸೋಣ. ಫೋನು, ಕೇಬಲ್, ಪೆನ್‌ಡ್ರೈವ್ ಮೂರನ್ನೂ ತಂದಿರಿ.