ಏಳನೆಯವರ ಪಾಳಿ



ಒಂದು ಡಯಾಲಿಸಿಸ್ ಯಂತ್ರದ ಲೆಕ್ಕದಿಂದ ಶುರುಮಾಡುತ್ತೇನೆ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಬೇಕು. ದಿನಕ್ಕೆ 3 ಪಾಳಿ, ವಾರಕ್ಕೆ 6 ದಿನ ಎಂದರೆ 18 ಪಾಳಿ. ವೈದ್ಯಕೀಯ ಪುಸ್ತಕದಲ್ಲಿರುವಂತೆ ಒಬ್ಬರಿಗೆ ವಾರಕ್ಕೆ 3 ಸಲ ಕೊಟ್ಟರೆ ಆ ಯಂತ್ರ 6 ಜನರಿಗೆ ಸಾಕು. ಏಳನೆಯವರು ಬಾಗಿಲಿಗೆ ಬಂದರೆ? ಮದುವೆ ಊಟದಲ್ಲಿ ಮೊದಲ ಪಂಕ್ತಿ ತಪ್ಪಿದವರು ಎರಡನೆಯದಕ್ಕೆ ಕೂರಬಹುದು. ಮೂತ್ರಪಿಂಡ ಸೋತವರ ರಕ್ತದಲ್ಲಿ ಏರುವ ಪೊಟ್ಯಾಸಿಯಂ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಎಲ್ಲರಿಗೂ ವಾರಕ್ಕೆ ಎರಡೇ ಸಲ ಎಂದು ಇಳಿಸುತ್ತಾರೆ. ಆಗ 9 ಜನ ಹಿಡಿಸುತ್ತಾರೆ. ಯಾರಿಗೂ ಇಲ್ಲವೆನ್ನಲಿಲ್ಲ, ಯಾರಿಗೂ ಪೂರ್ತಿ ಸಿಗಲೂ ಇಲ್ಲ. ನಮ್ಮ ದೇಶದಲ್ಲಿ ಹೆಚ್ಚಿನ ರೋಗಿಗಳು ಬದುಕಿರುವುದು ಈ ಎರಡು ಸಲದ ಮೇಲೆಯೇ. 2016ರ ಕೇಂದ್ರ ಬಜೆಟ್ ಜಿಲ್ಲಾ ಆಸ್ಪತ್ರೆಗಳಿಗೆ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ಆದರೆ ಇಕ್ಕಟ್ಟು ತೀರಲಿಲ್ಲ: ಯಂತ್ರ ಬಂದಷ್ಟೂ, ಅಲ್ಲಿಯವರೆಗೆ ಮನೆಯಲ್ಲೇ ಸಾಯುತ್ತಿದ್ದವರೂ ಆಸ್ಪತ್ರೆಗೆ ಬರತೊಡಗಿದರು.

ಈ ಇಕ್ಕಟ್ಟು ಮೊದಲು ಬಯಲಿಗೆ ಬಿದ್ದದ್ದು ಅಮೆರಿಕದ ಸಿಯಾಟಲ್‌ನಲ್ಲಿ. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಕೈಯ ರಕ್ತನಾಳಕ್ಕೆ ಟೆಫ್ಲಾನ್ ಕೊಳವೆ ಜೋಡಿಸಿ, ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ದಾರಿ ತೆರೆದರು. ಯಂತ್ರಗಳು ಬೆರಳೆಣಿಕೆಯಷ್ಟು. ಆಯ್ಕೆಗೆಂದು 7 ಮಂದಿಯ ಸಮಿತಿ ಕೂತಿತು: ಪಾದ್ರಿ, ವಕೀಲ, ಬ್ಯಾಂಕಿನವರು, ಗೃಹಿಣಿ, ಹೀಗೆ. ಮದುವೆಯಾಗಿದೆಯೇ, ಆದಾಯವೆಷ್ಟು, ಚರ್ಚಿಗೆ ಹೋಗುತ್ತಾರೆಯೇ ಎಂದೆಲ್ಲ ನೋಡಿದರು. 1962ರಲ್ಲಿ 'ಲೈಫ್' ಪತ್ರಿಕೆ ಇದನ್ನು ಬರೆದಾಗ ಜನ ಬೆಚ್ಚಿದರು. ಕಡೆಗೆ 1972ರಲ್ಲಿ ಸರಕಾರವೇ ಖರ್ಚು ವಹಿಸಿಕೊಳ್ಳುವ ಕಾನೂನು ಬಂತು. ಆ ಸಮಿತಿಯನ್ನು ಬೈಯುವುದು ಸುಲಭ. ಆದರೆ ಅದು ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಮಾಡಿದ್ದನ್ನು ನಾವು ಫೋನಿನಲ್ಲಿ ಮಾಡುತ್ತೇವೆ. 'ನಮ್ಮವರು, ಸ್ವಲ್ಪ ನೋಡಿ' ಎಂಬ ಒಂದು ಕರೆಗೆ ಬೆಡ್ ಹುಟ್ಟಿಕೊಳ್ಳುತ್ತದೆ. ಅದೇ ಬೆಡ್ಡಿಗೆ ಕಾಯುತ್ತಿದ್ದವರ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ.

ಹಂಚುವ ಈ ಇಕ್ಕಟ್ಟಿನಿಂದ ನಮ್ಮ ಸಂಘ-ಸಂಸ್ಥೆಗಳೂ ಹೊರಗಿಲ್ಲ. ವೈದ್ಯಕೀಯ ನೆರವಿಗೆ 1 ಲಕ್ಷ ರೂಪಾಯಿ ಇದೆ, 20 ಅರ್ಜಿ ಬಂದಿವೆ ಎನ್ನಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ತಲಾ 5,000ದ ಚೆಕ್, ಒಂದು ಫೋಟೋ, ಎಲ್ಲರೂ ಸಮಾನರು! ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾದವರಿಗೂ ಕನ್ನಡಕ ಕೊಳ್ಳುವವರಿಗೂ ಅಷ್ಟೇ. ಡಯಾಲಿಸಿಸ್ ಪಾಳಿಯನ್ನು ಸಮನಾಗಿ ಹಂಚಿದರೆ 9 ಜೀವ ಉಳಿದಾವು. ಈ ಒಂದು ಲಕ್ಷವನ್ನು ಹಾಗೆ ಹಂಚಿದರೆ ಶಸ್ತ್ರಚಿಕಿತ್ಸೆಯೂ ಆಗುವುದಿಲ್ಲ, ಸಾಲವೂ ತೀರುವುದಿಲ್ಲ. ಕೈಗೆ ಬಂದ ಪಾಲು ಏನು ಮಾಡಬಲ್ಲದು ಎಂದು ಕೇಳದೆ ಸಮಪಾಲು ಮಾಡುವುದನ್ನು ನಾನು ನ್ಯಾಯವೆನ್ನಲಾರೆ. ಅದು ನಿರ್ಧಾರದಿಂದ ತಪ್ಪಿಸಿಕೊಳ್ಳುವ ಉಪಾಯ.

ಇನ್ನು, ತುಂಡು ಮಾಡಿ ಹಂಚಲಾಗದ್ದೂ ಒಂದಿದೆ: ಮೂತ್ರಪಿಂಡ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಿಂದ ದಾನದ ಅಂಗ ಹೊತ್ತ ಆಂಬುಲೆನ್ಸ್ ಝೀರೋ ಟ್ರಾಫಿಕ್‌ನಲ್ಲಿ ಮಂಗಳೂರಿಗೆ ಹೋಗುವುದಾದರೆ ಹೆದ್ದಾರಿ 66ರಲ್ಲಿ ನಮ್ಮ ಉದ್ಯಾವರವನ್ನು ದಾಟಬೇಕು. ದಾರಿ ಬಿಡುವ ನಾವು ಆ ಅಂಗ ಯಾರಿಗೆ ಎಂದು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಂಗಾಂಗ ಕಸಿಯ 1994ರ ಕೇಂದ್ರ ಕಾನೂನಿನ ಅಡಿಯಲ್ಲಿ ಅದಕ್ಕೊಂದು ವ್ಯವಸ್ಥೆಯಿದೆ. ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಪಟ್ಟಿ ಇಡುತ್ತದೆ. ರಕ್ತದ ಗುಂಪು, ಕಾದ ಕಾಲ ಮುಂತಾದವು ಲೆಕ್ಕಕ್ಕೆ ಬರುತ್ತವೆ. ಎರಡು ಮೂತ್ರಪಿಂಡಗಳಲ್ಲಿ ಒಂದು, ದಾನ ನಡೆದ ಆಸ್ಪತ್ರೆಯಲ್ಲೇ ನೋಂದಾಯಿಸಿದವರಿಗೆ. ಇನ್ನೊಂದು ಸಾಮಾನ್ಯ ಪಟ್ಟಿಗೆ. ಮೊದಲನೆಯದು ಅನ್ಯಾಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೇಲ್ನೋಟಕ್ಕೆ ಹೌದು. ಆದರೆ ಮಿದುಳು ಸಾವನ್ನು ಘೋಷಿಸಿ, ಅಳುವ ಮನೆಯವರೊಂದಿಗೆ ಕೂತು ಮಾತಾಡುವ ಕಷ್ಟ ಆ ಆಸ್ಪತ್ರೆಯದು. ಅದಕ್ಕೆ ಏನೂ ಉಳಿಯದಿದ್ದರೆ ದಾನವೇ ಕಡಿಮೆಯಾದೀತು. ಈ ನಿಯಮವನ್ನು ನಾನು ಒಪ್ಪುತ್ತೇನೆ. ಮುಖ್ಯವಾಗಿ, ಬರೆದಿಟ್ಟಿರುವುದರಿಂದ ಒಪ್ಪದವರೂ ಅದರೊಡನೆ ವಾದಿಸಬಹುದು. ಫೋನ್ ಕರೆಯೊಡನೆ ಯಾರು ವಾದಿಸುವುದು?

ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಿರಲಿ, ಕಾರ್ಕಳದ ಕೇಂದ್ರವಿರಲಿ, ಡಯಾಲಿಸಿಸ್ ನಡೆಯುವಲ್ಲೆಲ್ಲ ಬಾಗಿಲ ಬಳಿ ಕನ್ನಡದಲ್ಲಿ ಒಂದು ಫಲಕ ಹಾಕಿ: ಯಂತ್ರ ಎಷ್ಟು, ಕೆಟ್ಟದ್ದು ಎಷ್ಟು, ಕಾಯುವವರು ಎಷ್ಟು, ಮುಂದಿನವರನ್ನು ಆರಿಸುವುದು ಹೇಗೆ, ದೂರು ಯಾರಿಗೆ. ರೋಗಿಗಳ ಹೆಸರು ಬೇಡ, ಸಂಖ್ಯೆ ಸಾಕು. ಸಭೆಯಲ್ಲಿರುವ ಪ್ರಭಾವಿಗಳಲ್ಲಿ ಒಂದು ವಿನಂತಿ. ಇನ್ನು ಮುಂದೆ ಆಸ್ಪತ್ರೆಗೆ ಫೋನ್ ಮಾಡಿದರೆ ಒಬ್ಬರಿಗೆ ಬೆಡ್ ಕೇಳಬೇಡಿ, ಆ ಫಲಕ ಹಾಕಿದ್ದಾರೆಯೇ ಎಂದು ಕೇಳಿ.