ಹಳೆಯ ಜೀಪಿಗೆ ಡೀಸೆಲ್ ಇಂಜಿನ್: ಮೊದಲು ಅರ್ಜಿ, ಆಮೇಲೆ ಸ್ಪಾನರು

ಪುತ್ತಿಗೆ, ಬಾಡೂರು, ಅಂಗಡಿಮೊಗರು, ಪೆರ್ಲ ಈ ಕಡೆಯ ಗುಡ್ಡದ ದಾರಿಗಳಲ್ಲಿ ಜೀಪು ಎಂಬುದು ಷೋಕಿಯ ವಾಹನವಲ್ಲ. ತೋಟಕ್ಕೆ ಗೊಬ್ಬರ ಇಳಿಸುವುದು, ಅಡಿಕೆ ಮೂಟೆ ಪೇಟೆಗೆ ಮುಟ್ಟಿಸುವುದು, ಮಳೆಗಾಲದ ರಾತ್ರಿ ರೋಗಿಯನ್ನು ಡಾಂಬರು ರಸ್ತೆಯವರೆಗೆ ತರುವುದು, ಎಲ್ಲಕ್ಕೂ ಅದೇ. ಆದುದರಿಂದಲೇ ಮನೆಯ ಹಳೆಯ ಪೆಟ್ರೋಲ್ ಜೀಪನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. 'ಇದಕ್ಕೊಂದು ಡೀಸೆಲ್ ಇಂಜಿನ್ ಕೂರಿಸಿದರೆ ಇನ್ನೂ ಇಪ್ಪತ್ತು ವರ್ಷ ಓಡೀತು' ಎಂಬ ಮಾತು ವರ್ಕ್‌ಶಾಪಿನಲ್ಲಿ ಹುಟ್ಟುತ್ತದೆ. ಹಾಗೆ ಮಾಡಲು ಕಾನೂನಿನ ಒಪ್ಪಿಗೆ ಸಿಗುತ್ತದೆಯೇ, ಸಿಗುವುದಾದರೆ ಹೇಗೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡೋಣ.

ಮೊದಲಿಗೆ ಜೀಪಿನ ವಿಷಯ. ಮಹೀಂದ್ರದವರು ವಿಲ್ಲಿಸ್ ವಿನ್ಯಾಸದ ಮೇಲೆ ತಯಾರಿಸಿದ ಸಿ.ಜೆ. 3ಬಿ ಜೀಪುಗಳಲ್ಲಿ 'ಹರಿಕೇನ್' ಎಂಬ 2.2 ಲೀಟರಿನ ಪೆಟ್ರೋಲ್ ಇಂಜಿನ್ ಇತ್ತು. ಆ ಇಂಜಿನ್ ಎತ್ತರವಾದ್ದರಿಂದಲೇ ಅದರ ಬಾನೆಟ್ಟೂ ಎತ್ತರ. ಮುಂದೆ ಅದೇ ಕಂಪೆನಿ ಎಂ.ಎಂ. 540 ಮಾದರಿಯಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ, 2112 ಸಿ.ಸಿ.ಯ ಡೀಸೆಲ್ ಇಂಜಿನ್ ಕೊಟ್ಟಿತು. ಹಾಗಾಗಿ ಹಳೆಯ ಪೆಟ್ರೋಲ್ ಜೀಪಿನವರಿಗೂ ಡೀಸೆಲಿನ ಆಸೆ ಹತ್ತಿದ್ದು ಸಹಜ. ಪ್ಯೂಜೋ ಸಿಕ್ಕಿದರೆ ಪ್ಯೂಜೋ, ಇಲ್ಲವಾದರೆ ಮಟಡೋರಿನ ಇಂಜಿನ್. ಒಟ್ಟಿನಲ್ಲಿ ಓಡಿದರಾಯಿತು ಎಂಬ ಲೆಕ್ಕ.

'ನಮ್ಮ ಅಪ್ಪನ ಕಾಲದಲ್ಲಿ ಆರ್.ಟಿ.ಒ. ಆಫೀಸಿಗೆ ಒಂದು ಕಾಗದ ಬರೆದು ಹಾಕಿದರೆ ಮುಗಿಯುತ್ತಿತ್ತು' ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಆ ಮಾತು ಸುಳ್ಳಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಮೊದಲಿಗೆ ಇದ್ದದ್ದು ಬೇರೆ ರೀತಿ. ಮಾಲೀಕನು ತಾನು ಮಾಡಬೇಕೆಂದಿರುವ ಬದಲಾವಣೆಯ ಬಗ್ಗೆ ನೋಟೀಸು ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು; 7 ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿದಂತೆಯೇ ಎಂದಿತ್ತು. ಆದರೆ 2000ನೇ ಇಸವಿಯ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಲೇಬಾರದು ಎಂಬುದು ಈಗಿನ ನಿಯಮ. ಹಿರಿಯರ ಮಾತು ಹಳೆಯ ಕಾನೂನಿನ ನೆನಪು. ಅದನ್ನು ನಂಬಿ ಇಂದು ದುಡ್ಡು ಹಾಕಬೇಡಿ.

ಈ ವಿಷಯದ ದೊಡ್ಡ ತೀರ್ಪು ಬಂದದ್ದೂ ನಮ್ಮ ಕೇರಳದಿಂದ ಹೋದ ಪ್ರಕರಣದಲ್ಲಿಯೇ. ರಾಜ್ಯದ ನಿಯಮಗಳ ಆಧಾರದಲ್ಲಿ ಹೈಕೋರ್ಟು ಬದಲಾವಣೆಗೆ ಸಡಿಲಿಕೆ ಕೊಟ್ಟಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ನಿಯಮಕ್ಕಿಂತ ಕಾಯಿದೆ ಮೇಲು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದಿತು. ಅದೇ ವರ್ಷ ಕಾಯಿದೆಗೆ 182ಎ ಎಂಬ ಸೆಕ್ಷನ್ ಸೇರಿತು. ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆಮನೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಾದರೆ ಯಾವ ದಾರಿಯೂ ಇಲ್ಲವೇ? ಇದೆ. ಕೆಟ್ಟುಹೋದ ಇಂಜಿನಿನ ಜಾಗಕ್ಕೆ ಅದೇ ತಯಾರಿಕೆಯ, ಅದೇ ಬಗೆಯ ಇನ್ನೊಂದು ಇಂಜಿನ್ ಹಾಕಿಸುವುದು ಒಂದು. ಇದಕ್ಕೆ ಒಪ್ಪಿಗೆ ಪಡೆದು, ಹೊಸ ಇಂಜಿನ್ ನಂಬರನ್ನು ಆರ್.ಸಿ.ಯಲ್ಲಿ ಬರೆಸಬೇಕು. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ ಮುಂತಾದುವುಗಳಿಂದ ಓಡಿಸಲು ಆ ಮಾದರಿಗೆಂದೇ ಅಂಗೀಕಾರ ಪಡೆದ ಕಿಟ್ ಅಳವಡಿಸುವುದು ಎರಡನೆಯದು. ಪೆಟ್ರೋಲ್ ಜೀಪಿಗೆ ಗುಜರಿಯ ಡೀಸೆಲ್ ಇಂಜಿನ್ ಕೂರಿಸುವುದು ಈ ಎರಡರಲ್ಲಿಯೂ ಸೇರುವುದಿಲ್ಲ. 'ಕಂಪೆನಿಯೇ ಇಂಥ ಜೀಪಿನಲ್ಲಿ ಡೀಸೆಲ್ ಮಾರಿದೆಯಲ್ಲ' ಎಂದು ನೀವು ವಾದಿಸಬಹುದು. ವಾದಿಸಿ, ಆದರೆ ಅರ್ಜಿಯಲ್ಲಿ ಬರೆದು ವಾದಿಸಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಕೌಂಟರಿನಲ್ಲಿ ಯಾರೋ ಬಾಯಲ್ಲಿ ಹೇಳಿದ 'ಸಾರವಿಲ್ಲ, ಮಾಡಿಕೊಳ್ಳಿ' ಎಂಬುದು ಒಪ್ಪಿಗೆಯಲ್ಲ.

ಇಲ್ಲಿ ಎರಡು ಭಾಷೆಯವರಾದ ನಮಗೆ ಒಂದು ಎಚ್ಚರಿಕೆ. ಮಲಯಾಳದಲ್ಲಿ 'ಅಪೇಕ್ಷ' ಎಂದರೆ ಅರ್ಜಿ, ನಮಗೆ ಅಪೇಕ್ಷೆ ಎಂದರೆ ಬಯಕೆ. ಅವರ 'ಅನುವಾದಂ' ಎಂದರೆ ಅನುಮತಿ, ನಮಗೆ ಅನುವಾದ ಎಂದರೆ ಭಾಷಾಂತರ. ವಿದ್ಯಾನಗರದ ಆಫೀಸಿನಲ್ಲಿ 'ಅನುವಾದಂ ವೇಣಂ' ಎಂದರೆ ಕಾಗದವನ್ನು ಮಲಯಾಳಕ್ಕೆ ತಿರುಗಿಸಿ ತರಲು ಹೇಳಿದ್ದಲ್ಲ; ಮುಂಚಿತವಾಗಿ ಒಪ್ಪಿಗೆ ಬೇಕು ಎಂದದ್ದು!

ಇನ್ನು ಕ್ರಮ ಹೇಳುತ್ತೇನೆ. ಕಾಗದ ಪೆನ್ಸಿಲು ಇದ್ದರೆ ಬರೆದುಕೊಳ್ಳಿ.

ಒಂದು, ಆರ್.ಸಿ. ತೆಗೆದು ಅದರಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್, ಇಂಧನ, ಸಿ.ಸಿ. ಇವನ್ನು ವಾಹನದ ಮೇಲಿರುವುದರೊಂದಿಗೆ ಹೋಲಿಸಿ. ಅನೇಕ ಮನೆಗಳಲ್ಲಿ ತೊಂದರೆ ಅಲ್ಲಿಯೇ ಹೊರಬೀಳುತ್ತದೆ. ಹಿಂದಿನ ಮಾಲೀಕ ಏನು ಮಾಡಿದ್ದನೋ ಯಾರಿಗೂ ಗೊತ್ತಿರುವುದಿಲ್ಲ.

ಎರಡು, ಇಂಜಿನ್ ಕೊಳ್ಳುವ ಮೊದಲೇ ಅರ್ಜಿ ಕೊಡಿ. ಜೊತೆಗೆ ಆರ್.ಸಿ., ವಿಮೆ, ತೆರಿಗೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಬೇಕು. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ಮೂರು, ಇಂಜಿನಿಗೆ ನಂಬರ್ ಬರೆದ ಬಿಲ್ಲು ಪಡೆಯಿರಿ. ಹಳೆಯ ವಾಹನದಿಂದ ಕಳಚಿದ್ದಾದರೆ, ಆ ವಾಹನದ ನೋಂದಣಿ ರದ್ದಾದ ದಾಖಲೆಯ ಪ್ರತಿಯನ್ನೂ ಕೇಳಿ. ಕಾಗದವಿಲ್ಲದ ಇಂಜಿನ್ ಕದ್ದ ಮಾಲೂ ಆಗಿರಬಹುದು.

ನಾಲ್ಕು, ಕೆಲಸ ಮುಗಿದ ಮೇಲೆ 14 ದಿನಗಳೊಳಗೆ ವರದಿ ಮಾಡಿ, ವಾಹನವನ್ನು ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿ, ಆರ್.ಸಿ.ಯಲ್ಲಿ ದಾಖಲು ಮಾಡಿಸಿ.

ಐದು, ವಿಮಾ ಕಂಪೆನಿಗೂ ಬರೆದು ತಿಳಿಸಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ.

ಈ ಐದನೆಯದನ್ನು ಹಗುರವಾಗಿ ಕಾಣಬೇಡಿ. ಮದುವೆ ದಿಬ್ಬಣದ ಜನ ತುಂಬಿದ ಜೀಪು ಇಳಿಜಾರಿನಲ್ಲಿ ಮಗುಚಿತೆಂದು ಭಾವಿಸಿ. ಆರ್.ಸಿ.ಯಲ್ಲಿ ಪೆಟ್ರೋಲ್, ಬಾನೆಟ್ಟಿನ ಅಡಿಯಲ್ಲಿ ಡೀಸೆಲ್. ವಿಮೆಯವರಿಗೆ ತಕರಾರು ಎತ್ತಲು ಅಷ್ಟು ಸಾಕು. ಗಾಯಾಳುಗಳಿಗೆ ಸಲ್ಲಬೇಕಾದ ಪರಿಹಾರದ ಹೊರೆ ಕೊನೆಗೆ ನಿಮ್ಮ ತೋಟದ ಮೇಲೆ ಬಂದು ಕೂರಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಪ್ರಯೋಜನ?

ಕಾನೂನು ಇಷ್ಟು ಬಿಗಿ ಏಕೆಂದು ಕೇಳಿದರೆ, ಉತ್ತರ ಆ ಕಬ್ಬಿಣದಲ್ಲಿಯೇ ಇದೆ. ಡೀಸೆಲ್ ಇಂಜಿನ್ ಭಾರ ಹೆಚ್ಚು, ಅದುರುವುದೂ ಹೆಚ್ಚು. ಮುಂದಿನ ಎಲೆ ಸ್ಪ್ರಿಂಗು, ಇಂಜಿನ್ ಕೂರುವ ಬ್ರಾಕೆಟ್ಟು, ಸ್ಟಿಯರಿಂಗ್ ಎಲ್ಲವೂ ಹಗುರವಾದ ಇಂಜಿನಿನ ಲೆಕ್ಕಕ್ಕೆ ಮಾಡಿದವು. ಮುಂಭಾರ ಹೆಚ್ಚಾದರೆ ಬ್ರೇಕ್ ಹಿಡಿದಾಗ ವಾಹನದ ನಡತೆಯೇ ಬೇರೆಯಾಗುತ್ತದೆ. ಬ್ರೇಕಿಗೆ ಬೂಸ್ಟರ್ ಇದ್ದರೆ, ಪೆಟ್ರೋಲ್ ಇಂಜಿನ್ ಗಾಳಿ ಎಳೆಯುವಾಗಲೇ ಅದಕ್ಕೆ ಬೇಕಾದ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲಿನಲ್ಲಿ ಅದಕ್ಕೆ ಬೇರೆಯೇ ಪಂಪು ಬೇಕು. ಪಂಪು ಇಡಲು ಮರೆತರೆ ಪೆಡಲು ಕಲ್ಲಿನಂತೆ ಗಟ್ಟಿ. ಹೊಗೆ ತಪಾಸಣೆಯೂ ಎರಡಕ್ಕೆ ಎರಡು ರೀತಿ. ಈಗ ತಪಾಸಣೆಯ ಕೇಂದ್ರಗಳು ಸರಕಾರದ ಕಂಪ್ಯೂಟರಿನ ದಾಖಲೆಗೆ ಜೋಡಿಸಿಕೊಂಡಿರುವುದರಿಂದ, ಆರ್.ಸಿ.ಯ ಇಂಧನ ಒಂದು, ಟ್ಯಾಂಕಿನದು ಇನ್ನೊಂದು ಎಂಬುದು ಹೆಚ್ಚು ದಿನ ಮುಚ್ಚಿಡುವ ಗುಟ್ಟಲ್ಲ.

ಗಡಿಯಾಚೆಯಿಂದ ಜೀಪು ತರುವವರಿಗೂ ಒಂದು ಮಾತು. ಅಡ್ಕಸ್ಥಳ ದಾಟಿದರೆ ಪುತ್ತೂರಿನ ಕೆ.ಎ. 21, ಬಂಟ್ವಾಳದ ಕೆ.ಎ. 70, ಇತ್ತ ನಮ್ಮದು ಕೆ.ಎಲ್. 14. 52ನೇ ಸೆಕ್ಷನ್ ಮಾತ್ರ ಎರಡು ಕಡೆಗೂ ಒಂದೇ. ಅಲ್ಲಿಂದ ಎನ್.ಒ.ಸಿ. ತಂದು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರ್ ಮಾಡಿಸಬೇಕು. ಆಗ ತಪಾಸಣೆ ತಪ್ಪದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಬಾನೆಟ್ ಎತ್ತಿಸಿ ನಂಬರ್ ನೋಡಿ. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣವಿರುವುದರಿಂದ, ಇಂದು ತಪ್ಪಿಸಿಕೊಂಡದ್ದು ಅಂದು ಎದುರಾಗುತ್ತದೆ. ಹಿಂದೆ ಒಪ್ಪಿಗೆ ಪಡೆದು ಬದಲಾಯಿಸಿದವರು ಆ ಹಳೆಯ ಕಾಗದಗಳನ್ನು ಜಮೀನಿನ ಪತ್ರದಂತೆ ಜೋಪಾನವಾಗಿಡಿ.

ಕೊನೆಗೆ ಲೆಕ್ಕಾಚಾರ. ಪೆಟ್ರೋಲಿಗೂ ಡೀಸೆಲಿಗೂ ಬೆಲೆಯಲ್ಲಿ ಅಜಗಜಾಂತರವಿದ್ದ ಕಾಲ ಹೋಯಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದ ಮೇಲೆ ಆ ಅಂತರ ಕಿರಿದಾಗಿದೆ. ನಿಮ್ಮ ಜೀಪು ವರ್ಷಕ್ಕೆ 2,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಪೆಟ್ರೋಲಿನಲ್ಲಿ ಲೀಟರಿಗೆ 8, ಡೀಸೆಲಿನಲ್ಲಿ 12 ಕಿಲೋಮೀಟರ್ ಎಂದರೆ 250 ಲೀಟರಿನ ಜಾಗದಲ್ಲಿ 167 ಲೀಟರ್ ಸಾಕು. ಉಳಿಯುವುದು ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಇಂಜಿನ್, ಕೂಲಿ, ಸ್ಪ್ರಿಂಗು, ಬ್ರೇಕ್ ಎಂದು ಒಂದು ಲಕ್ಷ ಸುರಿದರೆ ಅದು ಮರಳಲು ಹತ್ತು ವರ್ಷ ಬೇಕು. ಅಷ್ಟು ದುಡ್ಡಿನಲ್ಲಿ ಇರುವ ಪೆಟ್ರೋಲ್ ಇಂಜಿನನ್ನೇ ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿಸಿ ಗಟ್ಟಿ ಮಾಡಿಕೊಳ್ಳುವುದು ಬಹಳ ಮಂದಿಗೆ ಲಾಭ. ಡೀಸೆಲೇ ಬೇಕೆಂದಿದ್ದರೆ ಆರ್.ಸಿ.ಯಲ್ಲಿಯೇ ಡೀಸೆಲ್ ಎಂದಿರುವ ಜೀಪನ್ನು ಹುಡುಕಿ ಕೊಳ್ಳುವುದು ಮೇಲು.

ಸಾರಾಂಶ ಇಷ್ಟೆ. ಇಂಜಿನ್ ಕೂರಿಸುವ ಮೇಸ್ತ್ರಿ ನಮ್ಮ ಊರಿನಲ್ಲಿಯೇ ಸಿಗುತ್ತಾನೆ. ಅದು ಕಷ್ಟದ ಕೆಲಸವಲ್ಲ. ಕೂರಿಸಿದ ಇಂಜಿನ್ ಕಾಗದದಲ್ಲಿಯೂ ಕೂರಬೇಕು. ಅಲ್ಲಿ ಕೂರುವುದೋ ಇಲ್ಲವೋ ಎಂದು ತಿಳಿದ ಮೇಲೆ ಬೋಲ್ಟಿಗೆ ಸ್ಪಾನರು ಹಾಕಿ.