ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿದ್ಯಾಭ್ಯಾಸದ ವಿಚಾರವಾಗಿ ಮಾತನಾಡಲು ನಾನು ಉಪಾಧ್ಯಾಯನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ದಿನವೂ ಅಂಕಿಗಳ ಸಹವಾಸವಿರುವುದರಿಂದ, ಶಾಲಾ ಪರೀಕ್ಷೆಗಳ ಅಂಕಿಗಳನ್ನು ಕಂಡು ಮನಸ್ಸಿಗೆ ತೋರಿದ್ದನ್ನಷ್ಟೆ ತಮ್ಮ ಮುಂದಿಡುತ್ತೇನೆ.

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಶೇಕಡಾ 83.89 ಮಂದಿ ತೇರ್ಗಡೆಯಾದರು. ಚಿತ್ರದುರ್ಗ ಜಿಲ್ಲೆಗೆ ಮೊದಲ ಸ್ಥಾನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಹಾಕಿಸಿ, ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದಲೇ ಕಾವಲಿಟ್ಟರು. ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಚಿತ್ರದುರ್ಗ ಬಹಳ ಕೆಳಗೆ ಸರಿಯಿತು.

ತಪಾಸಣೆಯವರು ಬಂದ ದಿನ ತಿಜೋರಿಯಲ್ಲಿ ಹಣ ಕಡಮೆ ಕಂಡರೆ, ಹಣ ಅಂದೇ ಕಳೆಯಿತೆಂದು ನಾವು ಬರೆಯುವುದಿಲ್ಲ. ಹಿಂದಿನ ಎಣಿಕೆಯ ಮೇಲೆ ಸಂಶಯಪಡುತ್ತೇವೆ. ಇಲ್ಲಿಯೂ ಹಾಗೆಯೇ. ಕೃಪಾಂಕ ಕೊಟ್ಟದ್ದನ್ನು ಕೆಲವರು ಹಳಿದರು. ನನಗೆ ಅಷ್ಟು ಧೈರ್ಯವಿಲ್ಲ. ಹತ್ತು ವರ್ಷ ಕಲಿಸಿದವರ ಕೊರತೆಯನ್ನು ಹದಿನಾರರ ಹುಡುಗನೊಬ್ಬನೇ ಏಕೆ ತುಂಬಿಕೊಡಬೇಕು?

ಆದರೂ ಸಾರ್ವತ್ರಿಕ ಪರೀಕ್ಷೆಯೇ ಬೇಡವೆಂಬ ವಾದವನ್ನು ನಾನು ಒಪ್ಪಲಾರೆ. ಅದೇ ವರ್ಷ ಉಡುಪಿಗೆ ಶೇಕಡಾ 94, ಯಾದಗಿರಿಗೆ 50.59. ಒಂದೊಂದು ಶಾಲೆ ತನ್ನ ತಕ್ಕಡಿಯಲ್ಲಿ ತಾನೇ ತೂಗಿಕೊಂಡಿದ್ದರೆ ಈ ಅಂತರ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಕಂಡ ಮೇಲೆ ಯಾದಗಿರಿಗೆ ಉಪಾಧ್ಯಾಯರನ್ನೂ ಪುಸ್ತಕಗಳನ್ನೂ ಕಳುಹಿಸಬೇಕು. ಪತ್ರಿಕೆಯಲ್ಲಿ ಕೊನೆಯ ಸ್ಥಾನವೆಂದು ಅಚ್ಚುಹಾಕಿ ಸುಮ್ಮನಾದರೆ ಆ ಮಕ್ಕಳ ತಲೆ ತಗ್ಗಿಸಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ಆದರೆ ಈ ಸಭೆಯಲ್ಲಿರುವ ಬಹುಮಂದಿಯ ಮಕ್ಕಳಂತೆ ನನ್ನ ಮಗನೂ ಇಂಗ್ಲಿಷ್ ಶಾಲೆಯವನು. ಒಂದು ಸಂಜೆ ಕಾಗುಣಿತ ಹೇಳಿಕೊಡಲು ಕುಳಿತೆ. "ಇದು ಪರೀಕ್ಷೆಗೆ ಬರುತ್ತದೆಯೇ, ಅಪ್ಪ?" ಎಂದ. ಇಲ್ಲವೆಂದೆ. ಪುಸ್ತಕ ಮುಚ್ಚಿ ಎದ್ದುಹೋದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಆ ಲೆಕ್ಕ ಕಲಿಸಿದವರು ನಾವೇ. ಊರಿನಿಂದ ಅಜ್ಜಿ ಮೊಬೈಲಿಗೆ ಬರೆದು ಕಳುಹಿಸುವ ನಾಲ್ಕು ಸಾಲನ್ನು ಅವನು ಇಂದಿಗೂ ನನ್ನಿಂದಲೇ ಓದಿಸಿಕೊಳ್ಳುತ್ತಾನೆ.

ಸಂಘದ ಭಾನುವಾರದ ಕನ್ನಡ ತರಗತಿ ಫೆಬ್ರವರಿ ಬಂತೆಂದರೆ ಬರಿದಾಗುತ್ತದೆ. ಅದಕ್ಕೂ ಒಂದು ಪರೀಕ್ಷೆ, ಒಂದು ಪ್ರಮಾಣಪತ್ರ ಇಟ್ಟರೆ ಮಕ್ಕಳು ಬಂದಾರೆಂದು ಹಿರಿಯರೊಬ್ಬರ ಸಲಹೆ. ಬರುತ್ತಾರೆ, ನಿಜ; ಪ್ರಮಾಣಪತ್ರ ಕೈಗೆ ಬಂದ ಮರುವಾರ ಬರುವರೇ ಎಂಬುದೇ ನನ್ನ ಅಳುಕು. ಪರೀಕ್ಷೆ ಇಡಲೇಬೇಕಾದರೆ, ಪ್ರತಿ ಮಗುವೂ ತನ್ನ ಊರಿನ ಯಾರಿಗಾದರೂ ಕನ್ನಡದಲ್ಲಿ ಒಂದು ಕಾಗದ ಬರೆದು ಅಂಚೆಗೆ ಹಾಕಲಿ. ಅಂಕ ಬೇಡ. ಉತ್ತರ ಬಂದರೆ ತರಗತಿಯಲ್ಲಿ ಓದಿಸೋಣ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಚಾರ ಬರಲಿದೆ; ತಂದೆತಾಯಂದಿರು ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಬಿನ್ನಹ.